ಕುಡಿತ ಬಿಟ್ಟ ಮೇಲೆ: ದೇಹಕ್ಕೆ, ಮನೆಗೆ, ಊರಿಗೆ ಕೊಡುವ ಲೆಕ್ಕ

ನಮ್ಮ ಹಳ್ಳಿಗಳಲ್ಲಿ ಕುಡಿತ ಬಿಡುವುದಾಗಿ ಆಣೆ ಮಾಡುವವರು ಕಡಿಮೆಯಿಲ್ಲ. ಮನೆದೇವರ ಮುಂದೆ ಕರ್ಪೂರ ಹಚ್ಚಿ, ತಾಯಿಯ ಪಾದ ಮುಟ್ಟಿ, ಮಗುವಿನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಾರೆ. ಶ್ರಾವಣ ಮಾಸವಿಡೀ ಮದ್ಯವನ್ನು ಮುಟ್ಟದೆ ಇರುವವರೂ ಉಂಟು. ಆಣೆ ಮಾಡುವ ಗಳಿಗೆಯಲ್ಲಿ ಅವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೂ ಜಾತ್ರೆಯೋ ಮದುವೆಯೋ ಬಂದಾಗ, ಬೆಳೆ ಕೈಕೊಟ್ಟಾಗ, ಕೂಲಿಯ ಹಣ ಕೈಗೆ ಬಂದ ಸಂಜೆ ಆ ಆಣೆ ಮುರಿದುಬೀಳುತ್ತದೆ. "ಇವರ ಮಾತಿಗೆ ಬೆಲೆಯಿಲ್ಲ" ಎಂದು ಮನೆಯವರು ನೊಂದುಕೊಳ್ಳುತ್ತಾರೆ. "ಇದು ನನ್ನಿಂದಾಗದು" ಎಂದು ಕುಡಿಯುವವನು ಕೈಚೆಲ್ಲುತ್ತಾನೆ.

ಇದಕ್ಕೆ ಕಾರಣವೇನು? ಆಣೆಯು ಒಂದು ಗಳಿಗೆಯ ಕೆಲಸ; ಗುಣಹೊಂದುವುದು ಪ್ರತಿದಿನದ ಕೆಲಸ. ಕುಡಿತವು ದೇಹವೊಂದನ್ನೇ ಕೆಡಿಸುವುದಿಲ್ಲ. ಹೆಂಡತಿ ಮಕ್ಕಳ ನಂಬಿಕೆಯನ್ನೂ, ಊರಿನಲ್ಲಿದ್ದ ಮರ್ಯಾದೆಯನ್ನೂ ಅದು ಕೆಡಿಸಿರುತ್ತದೆ. ಈ ಮೂರನ್ನೂ ಒಟ್ಟಿಗೆ ಸರಿಪಡಿಸದೆ ಒಂದನ್ನು ಮಾತ್ರ ಸರಿಪಡಿಸಲು ಹೊರಟರೆ ಅದು ನಿಲ್ಲುವುದು ಕಷ್ಟ. ಕುಡಿತ ಬಿಟ್ಟವನಿಂದ ಮನೆಯೂ ಊರೂ ನಿರೀಕ್ಷಿಸುವುದು ಮತ್ತೊಂದು ಆಣೆಯನ್ನಲ್ಲ, ದಿನದಿನದ ಲೆಕ್ಕವನ್ನು. ಆ ಲೆಕ್ಕವನ್ನು ಇಡುವ ಬಗೆಯನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ. ಹೆಚ್ಚಿನ ಮನೆಗಳಲ್ಲಿ ಕುಡಿಯುವವನು ಗಂಡನಾದುದರಿಂದ ಇಲ್ಲಿ ಹಾಗೆಂದೇ ಬರೆಯಲಾಗಿದೆ. ಹೆಂಡತಿಗೆ ಈ ಚಟವಿರುವ ಮನೆಗೂ ಇದೇ ಮಾತುಗಳು ಅನ್ವಯಿಸುತ್ತವೆ.

1. ರೋಗವೂ ಹೌದು, ಹೊಣೆಯೂ ಹೌದು

ಮದ್ಯದ ಚಟ ಬಲಿತಾಗ ಅದನ್ನು ವೈದ್ಯಶಾಸ್ತ್ರವು ರೋಗವೆಂದೇ ಪರಿಗಣಿಸುತ್ತದೆ. ವರ್ಷಗಟ್ಟಲೆ ಕುಡಿದವನ ಮೆದುಳು ಮದ್ಯಕ್ಕೆ ಒಗ್ಗಿಹೋಗಿ, ಅದು ದೊರೆಯದಿದ್ದಾಗ ತಳಮಳಗೊಳ್ಳುತ್ತದೆ. ಆಗ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬಾರದು. ಇಂತಹವನಿಗೆ "ಮನಸ್ಸು ಗಟ್ಟಿಮಾಡಿಕೋ" ಎಂದಷ್ಟೇ ಹೇಳಿದರೆ ಸಾಲದು; ಚಿಕಿತ್ಸೆ ಬೇಕು. ಚಿಕಿತ್ಸೆಗೆ ಹೋಗುವುದು ನಾಚಿಕೆಪಡತಕ್ಕ ವಿಷಯವಲ್ಲ.

ಆದರೆ ರೋಗವೆಂಬ ಕಾರಣದಿಂದ ಹೊಣೆ ಕಳೆಯುವುದಿಲ್ಲ. ಜ್ವರದಿಂದ ಮಲಗಿದವನ ಹೊಲದಲ್ಲಿ ಬೆಳೆದ ಕಳೆಯನ್ನು ಜ್ವರವು ಕೀಳುವುದಿಲ್ಲ; ಎದ್ದ ಮೇಲೆ ಅವನೇ ಕೀಳಬೇಕು. ಹಾಗೆಯೇ ಕುಡಿದಾಗ ಆಡಿದ ಮಾತು, ಮಾಡಿದ ಸಾಲ, ಎತ್ತಿದ ಕೈ, ಇವೆಲ್ಲವೂ ಕುಡಿದವನ ಲೆಕ್ಕಕ್ಕೇ ಸೇರುತ್ತವೆ.

"ಸ್ವಲ್ಪ ಕುಡಿದರೆ ತೊಂದರೆಯಿಲ್ಲ" ಎಂಬ ಮಾತು ಸರಿಯಲ್ಲ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಪೂರ್ಣ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ವಿಸ್ಕಿ ಅಥವಾ ರಮ್ಮಿನ 90 ಮಿಲಿಲೀಟರಿನ ಒಂದು ಪೊಟ್ಟಣದಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಮ್ಮ ಪಿತ್ತಜನಕಾಂಗವು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲುದು. ಒಂದು ಪೊಟ್ಟಣ ಕರಗಲು ಮೂರು ನಾಲ್ಕು ಗಂಟೆ ಬೇಕು. ಮಜ್ಜಿಗೆ, ನಿಂಬೆರಸ, ತಣ್ಣೀರಿನ ಸ್ನಾನ ಇವು ಯಾವುವೂ ಈ ಕೆಲಸವನ್ನು ಬೇಗ ಮುಗಿಸಲಾರವು.

2. ಮೊದಲ ವಾರ ವೈದ್ಯರ ಸಲಹೆಯಲ್ಲಿ

ಪ್ರತಿದಿನ ಹೆಚ್ಚು ಕುಡಿಯುತ್ತಿದ್ದವನು ಒಮ್ಮೆಲೇ, ಯಾರಿಗೂ ಹೇಳದೆ, ಮನೆಯಲ್ಲಿಯೇ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ಕೊನೆಯ ಕುಡಿತದ ನಂತರ ಆರರಿಂದ ಹನ್ನೆರಡು ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರು ದಿಕ್ಕು, ಸಮಯ, ಮನೆಯವರ ಗುರುತು ತಪ್ಪಿ, ಇಲ್ಲದ ಹುಳು ಹಾವುಗಳನ್ನು ಕಂಡು ಕೂಗಾಡುತ್ತಾರೆ. ಇದನ್ನು ಗಾಳಿ ಸೋಕಿದೆಯೆಂದೋ ದೆವ್ವ ಹಿಡಿದಿದೆಯೆಂದೋ ಭಾವಿಸಿ ಮಂತ್ರಿಸಲು ಕರೆದೊಯ್ಯುವುದರಿಂದ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸತಕ್ಕದ್ದು.

ಆದುದರಿಂದ ಬಿಡುವ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು, ದಂಪತಿಗಳಿಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣುವುದು ಒಳ್ಳೆಯದು. ದಾರಿ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ನಡುಕವನ್ನು ತಗ್ಗಿಸುವ ಔಷಧವನ್ನೂ, ಮೆದುಳನ್ನು ಕಾಪಾಡುವ ಥಯಾಮಿನ್ ಎಂಬ ಬಿ1 ಜೀವಸತ್ವವನ್ನೂ ವೈದ್ಯರು ಕೊಡುತ್ತಾರೆ. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಜಿಲ್ಲಾ ಆಸ್ಪತ್ರೆಗಳೂ, ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳೂ ಇವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಇಲ್ಲಿ ಹೆಂಡತಿಯರಿಗೆ ಒಂದು ಎಚ್ಚರಿಕೆಯ ಮಾತು. ಕುಡಿತ ಬಿಡಿಸುವ ಪುಡಿಯನ್ನೋ ಗುಳಿಗೆಯನ್ನೋ ಗಂಡನಿಗೆ ತಿಳಿಯದಂತೆ ಸಾರಿನಲ್ಲಿ, ಕಾಫಿಯಲ್ಲಿ ಬೆರೆಸಿ ಕೊಡಬಾರದು. ಡೈಸಲ್ಫಿರಾಂ ಎಂಬ ಗುಳಿಗೆ ತಿಂದವನು ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ವೈದ್ಯರ ಸಲಹೆಯಂತೆ, ಅವನ ಸಂಪೂರ್ಣ ತಿಳಿವಳಿಕೆ ಮತ್ತು ಒಪ್ಪಿಗೆಯಿಂದ ಮಾತ್ರ ಅದನ್ನು ಕೊಡತಕ್ಕದ್ದು. ಕದ್ದು ಕೊಟ್ಟ ಔಷಧದಿಂದ ಮನೆಯಲ್ಲಿ ಉಳಿದಿರುವ ಅಲ್ಪ ನಂಬಿಕೆಯೂ ಹಾಳಾಗುತ್ತದೆ.

3. ದೇಹಕ್ಕೆ ಕೊಡುವ ಲೆಕ್ಕ

ಮೊದಲ ವಾರ ಕಳೆದ ಮೇಲೆ ನಿತ್ಯದ ಅಭ್ಯಾಸಗಳ ಸರದಿ. ಕುಡಿಯುವ ಬಯಕೆಯು ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಅದು ಅಲೆಯಂತೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಯನ್ನು ದಾಟುವುದೇ ಮುಖ್ಯ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕು ಬಯಕೆಯನ್ನು ಕೆರಳಿಸುತ್ತವೆ. ಆದುದರಿಂದ ಈ ಕ್ರಮಗಳನ್ನು ಪಾಲಿಸಿರಿ:

(ಅ) ಹಿಂದೆ ಕುಡಿಯಲು ಹೋಗುತ್ತಿದ್ದ ಹೊತ್ತಿಗೆ ಒಂದು ಗಂಟೆ ಮೊದಲೇ ಹೊಟ್ಟೆತುಂಬ ಏನಾದರೂ ತಿನ್ನಿರಿ. ಮುದ್ದೆಯೋ ರೊಟ್ಟಿಯೋ, ಜೊತೆಗೆ ಕಾಳು, ಸೊಪ್ಪು ಇದ್ದರೆ ಸಾಕು.

(ಆ) ಆ ಹೊತ್ತಿಗೆ ಕೈಗೊಂದು ಕೆಲಸವಿರಲಿ. ಹಸುವಿಗೆ ಮೇವು ಹಾಕುವುದು, ಹಾಲನ್ನು ಡೇರಿಗೆ ಒಯ್ಯುವುದು, ಮಕ್ಕಳ ಪಾಠ ನೋಡುವುದು, ಭಜನೆಗೆ ಹೋಗುವುದು, ಯಾವುದಾದರೂ ಆಗಬಹುದು.

(ಇ) ಮದ್ಯದಂಗಡಿಯ ದಾರಿ ಬಿಟ್ಟು ಬೇರೆ ದಾರಿಯಿಂದ ಮನೆಗೆ ಬನ್ನಿರಿ. ಸಂತೆಯ ದಿನ, ಕೂಲಿ ಬಟವಾಡೆಯ ದಿನ ಜೊತೆಗೊಬ್ಬರಿರಲಿ.

(ಈ) ಮೊದಲ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ, ನಿದ್ದೆ ಸರಿಯಾಗಿ ಬಾರದು. ಇದಕ್ಕೆ ಹೆದರಬೇಕಾಗಿಲ್ಲ. ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವ ಅಭ್ಯಾಸ ಮಾಡಿರಿ. ಅಂಗಡಿಯಿಂದ ನಿದ್ದೆಮಾತ್ರೆ ತಂದು ನುಂಗಬೇಡಿರಿ.

(ಉ) ಗೋಡೆಯ ಪಂಚಾಂಗದಲ್ಲಿ ಕುಡಿಯದೆ ಕಳೆದ ಪ್ರತಿದಿನಕ್ಕೂ ಒಂದು ಗುರುತು ಹಾಕಿರಿ. ಈ ಗುರುತನ್ನು ಬಿಟ್ಟವನೇ ಹಾಕಬೇಕು, ಹೆಂಡತಿ ಕಾವಲುಗಾರಳಾಗಬಾರದು.

ಕುಟುಂಬ ಕಲ್ಯಾಣಕ್ಕೆ ಸಂಬಂಧಿಸಿದ ಎರಡು ಮಾತು. ದೀರ್ಘಕಾಲದ ಕುಡಿತದಿಂದ ಗಂಡಸರಲ್ಲಿ ಲೈಂಗಿಕ ಶಕ್ತಿ ಕುಂದುವುದುಂಟು. ಅದರಿಂದ ಹುಟ್ಟುವ ಅವಮಾನವೂ ಹೆಂಡತಿಯ ಮೇಲಿನ ಅನುಮಾನವೂ ಅನೇಕ ಜಗಳಗಳ ಮೂಲ. ಈ ವಿಷಯವನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಹೇಳಬೇಕು. ಗರ್ಭಿಣಿಯು ಮದ್ಯವನ್ನಾಗಲಿ ಹೆಂಡವನ್ನಾಗಲಿ ಒಂದು ತೊಟ್ಟೂ ಮುಟ್ಟಬಾರದು. ಅದು ನೇರವಾಗಿ ಗರ್ಭದಲ್ಲಿರುವ ಮಗುವಿಗೆ ಮುಟ್ಟಿ ಅದರ ಬೆಳವಣಿಗೆಯನ್ನು ಕೆಡಿಸುತ್ತದೆ. "ಒಂದು ಮಗುವಾದರೆ ಸರಿಹೋಗುತ್ತಾನೆ" ಎಂಬ ಹಿರಿಯರ ಮಾತನ್ನು ನಂಬಿ ಗರ್ಭಧರಿಸುವುದು ತರವಲ್ಲ. ಮನೆ ನೆಲೆಗೊಳ್ಳುವವರೆಗೆ ತಾತ್ಕಾಲಿಕ ಕುಟುಂಬ ಯೋಜನಾ ವಿಧಾನವೊಂದನ್ನು ಅನುಸರಿಸುವುದು ತಾಯಿಗೂ ಹುಟ್ಟಲಿರುವ ಮಗುವಿಗೂ ಹಿತ.

4. ಮನೆಗೆ ಕೊಡುವ ಲೆಕ್ಕ

ಕುಡಿತ ಬಿಟ್ಟು ಒಂದು ತಿಂಗಳಾದಾಗ ಅನೇಕ ಮನೆಗಳಲ್ಲಿ ಹೊಸದೊಂದು ಜಗಳ ಹುಟ್ಟುತ್ತದೆ. "ನಾನು ಬಿಟ್ಟಾಯಿತಲ್ಲ, ಇನ್ನೂ ಏಕೆ ನಂಬುವುದಿಲ್ಲ?" ಎಂದು ಗಂಡ ಕೇಳುತ್ತಾನೆ. ಹೆಂಡತಿ ಸುಮ್ಮನಿರುತ್ತಾಳೆ. ಹತ್ತು ವರ್ಷ ಸಂಜೆಯಾದರೆ ಬಾಗಿಲಿನ ಸದ್ದಿಗೆ ನಡುಗಿದವಳಿಗೆ ಮೂವತ್ತು ದಿನಗಳಲ್ಲಿ ಆ ನಡುಕ ಹೋಗದು. ಗಂಡನ ದೇಹಕ್ಕೆ ಗುಣವಾಗಲು ಸಮಯ ಬೇಕಿರುವಂತೆ ಹೆಂಡತಿಯ ಮನಸ್ಸಿಗೂ ಬೇಕು. ಅವಳ ಕ್ಷಮೆಯನ್ನು ಹಕ್ಕಿನಂತೆ ಕೇಳಬಾರದು.

1935ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 1957ರಿಂದ ಭಾರತದಲ್ಲಿಯೂ ನಡೆಯುತ್ತಿರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕುಡಿತ ಬಿಟ್ಟವರ ಕೂಟವು ಒಂದು ಒಳ್ಳೆಯ ಪದ್ಧತಿಯನ್ನು ಹೇಳಿಕೊಡುತ್ತದೆ. ಕುಡಿತದಿಂದ ಯಾರು ಯಾರಿಗೆ ಹಾನಿಯಾಗಿದೆಯೆಂದು ಪಟ್ಟಿಮಾಡಿ, ಸಾಧ್ಯವಿದ್ದಲ್ಲೆಲ್ಲ ಅದನ್ನು ತುಂಬಿಕೊಡಬೇಕು. ಆದರೆ ಹಾಗೆ ಮಾಡುವುದರಿಂದ ಮತ್ತೊಬ್ಬರಿಗೆ ನೋವಾಗುವುದಾದರೆ ಅದನ್ನು ಬಿಡಬೇಕು. ಕೇವಲ ತನ್ನ ಎದೆಯ ಭಾರ ಇಳಿಸಿಕೊಳ್ಳಲು ಇನ್ನೊಬ್ಬರ ಎದೆಯ ಮೇಲೆ ಭಾರ ಹೊರಿಸಬಾರದೆಂಬುದು ಇದರ ಅರ್ಥ.

ತುಂಬಿಕೊಡುವುದೆಂದರೆ ಕೈಮುಗಿದು "ತಪ್ಪಾಯಿತು" ಎನ್ನುವುದಷ್ಟೇ ಅಲ್ಲ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ರೈತನು ದಿನಕ್ಕೆ 100 ರೂಪಾಯಿ ಕುಡಿತಕ್ಕೆ ಕಳೆಯುತ್ತಿದ್ದನೆಂದು ಭಾವಿಸಿರಿ. ತಿಂಗಳಿಗೆ 3,000 ರೂಪಾಯಿ ಆಯಿತು. ಕಿರಾಣಿ ಅಂಗಡಿಯಲ್ಲಿ ಉದ್ದರಿ 12,000 ರೂಪಾಯಿ ಇದೆ. ಭಾವಮೈದುನನಿಂದ ತಂದ ಕೈಗಡ 9,000 ರೂಪಾಯಿ ಇದೆ. ಹೆಂಡತಿಯ ಓಲೆ ಗಿರವಿ ಅಂಗಡಿಯಲ್ಲಿದೆ. ಅವನು ಕುಡಿತ ಬಿಟ್ಟ ಮೇಲೆ ಪ್ರತಿ ತಿಂಗಳೂ ಕಿರಾಣಿಗೆ 1,000, ಕೈಗಡಕ್ಕೆ 750 ರೂಪಾಯಿ ಕೊಟ್ಟು, ಉಳಿದ 1,250 ರೂಪಾಯಿಯನ್ನು ಓಲೆಗಾಗಿ ಹೆಂಡತಿಯ ಕೈಗೆ ಕೊಟ್ಟರೆ, ಒಂದು ವರ್ಷದಲ್ಲಿ ಎರಡು ಸಾಲಗಳೂ ತೀರಿ, ಓಲೆ ಬಿಡಿಸಲು 15,000 ರೂಪಾಯಿ ಕೂಡಿರುತ್ತದೆ. ಹನಿಗೂಡಿದರೆ ಹಳ್ಳ ಎಂಬುದು ಇದೇ.

ಹಣದ ಲೆಕ್ಕವನ್ನು ಕೇಳುವ ಮೊದಲೇ ಕೊಡುವುದು ಮತ್ತೊಂದು ಅಭ್ಯಾಸ. ಸಂತೆಯಿಂದ ಬಂದವನು ಚೀಲ ಇಳಿಸಿ, "ಕಾಯಿಪಲ್ಲೆಗೆ 650 ರೂಪಾಯಿ ಬಂತು ನೋಡು. ಔಷಧಿ ಡಬ್ಬಿಗೆ 300 ಕೊಟ್ಟೆ. ಉಳಿದದ್ದು 350, ನೀನೇ ಇಟ್ಟುಕೋ" ಎಂದರೆ, ಆ ಮನೆಯಲ್ಲಿ ಕ್ಷಮಾಪಣೆಯ ಮಾತಿಗಿಂತ ಹೆಚ್ಚಿನದು ನಡೆದಂತೆ. ಹೆಂಡತಿಯು ಜೇಬು ತಡಕುವ ಅಗತ್ಯ ಕ್ರಮೇಣ ತಾನಾಗಿ ಇಲ್ಲವಾಗುತ್ತದೆ.

ಹೆಂಡತಿ ಮಾಡಬೇಕಾದುದೇನು? ಗಂಡ ಕುಡಿದುದಕ್ಕೆ ಅವಳು ಕಾರಣಳಲ್ಲ. ಬಿಡಿಸುವ ಪೂರ್ಣ ಹೊಣೆಯೂ ಅವಳದಲ್ಲ. "ಅವರಿಗೆ ಹುಷಾರಿಲ್ಲ" ಎಂದು ಕೆಲಸದವರಿಗೆ ಸುಳ್ಳು ಹೇಳುವುದು, ಅವನು ಮಾಡಿದ ಕುಡಿತದ ಬಾಕಿಯನ್ನು ಗುಟ್ಟಾಗಿ ತೀರಿಸುವುದು, ಇವು ಪ್ರೀತಿಯಿಂದ ಮಾಡಿದರೂ ಕುಡಿತಕ್ಕೇ ನೆರವಾಗುತ್ತವೆ. ಬಿಟ್ಟ ಮೇಲೆ ಹಳೆಯ ಕುಡಿತದ ಹೆಸರು ಹಿಡಿದು ದಿನವೂ ಚುಚ್ಚದಿರುವುದು ಒಳ್ಳೆಯದು. ಆದರೆ ನೋವನ್ನು ಹೇಳಿಕೊಳ್ಳುವ ಹಕ್ಕು ಅವಳಿಗಿದೆ. ವಾರಕ್ಕೊಮ್ಮೆ, ಮಕ್ಕಳು ಮಲಗಿದ ಮೇಲೆ, ಅರ್ಧ ಗಂಟೆ ಇಬ್ಬರೂ ಕುಳಿತು ಮಾತನಾಡಿರಿ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿಹಾಕಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಬ್ಬರಿಗೂ ನೆನಪಿರಲಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬುದು ಎಲ್ಲರೂ ಬಲ್ಲ ಮಾತು. ಮಕ್ಕಳಿಗೆ, "ಅಪ್ಪ ಕುಡಿದದ್ದು ನಿಮ್ಮ ತಪ್ಪಿನಿಂದಲ್ಲ; ಈಗ ಔಷಧಿ ತೆಗೆದುಕೊಳ್ಳುತ್ತಿದ್ದೇನೆ" ಎಂದು ತಂದೆಯೇ ಸರಳವಾಗಿ ಹೇಳಬೇಕು. "ಅಪ್ಪ ಎಲ್ಲಿಗೆ ಹೋದ, ನೋಡಿ ಬಾ" ಎಂದು ಮಕ್ಕಳನ್ನು ಗೂಢಚಾರರನ್ನಾಗಿ ಕಳುಹಿಸಬೇಡಿರಿ. ಶಾಲೆ ಬಿಟ್ಟ ಮಗುವಿದ್ದರೆ ಅದನ್ನು ಮರಳಿ ಶಾಲೆಗೆ ಸೇರಿಸುವುದು ಪಟ್ಟಿಯಲ್ಲಿ ಮೊದಲ ಕೆಲಸವಾಗಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯು ಹೊಡೆತಕ್ಕೆ ಅನ್ವಯಿಸದು. ಕುಡಿದಿದ್ದಾಗಲಿ ಕುಡಿಯದಿದ್ದಾಗಲಿ, ಹೊಡೆಯುವುದು ಅಪರಾಧ. ಅಂತಹ ಮನೆಯಲ್ಲಿ ಸಂಬಂಧ ಸುಧಾರಿಸುವ ಮಾತಿಗಿಂತ ಮೊದಲು ಹೆಂಡತಿ ಮಕ್ಕಳ ರಕ್ಷಣೆಯಾಗಬೇಕು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ಹೆಂಡತಿಗೆ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣೆಯನ್ನೂ ಕೊಟ್ಟಿದೆ. 181 ಸಂಖ್ಯೆಯ ಮಹಿಳಾ ಸಹಾಯವಾಣಿಗೆ, ತುರ್ತಿನಲ್ಲಿ 112ಕ್ಕೆ ಕರೆಮಾಡಬಹುದು. "ಸಂಸಾರ ಉಳಿಸಿಕೋ" ಎಂದು ಹೇಳಿ ಅವಳನ್ನು ಅಪಾಯದ ಮನೆಗೆ ಮರಳಿ ಕಳುಹಿಸುವ ಹಿರಿಯರು ಉಪಕಾರ ಮಾಡಿದಂತಾಗುವುದಿಲ್ಲ.

5. ಊರಿಗೆ ಕೊಡುವ ಲೆಕ್ಕ, ಊರು ಹೊರಬೇಕಾದ ಹೊಣೆ

ಕುಡಿತವನ್ನು ಮನುಷ್ಯ ಒಬ್ಬನೇ ಕಲಿಯುವುದು ಅಪರೂಪ. ಜೊತೆಗಾರರ ನಡುವೆ ಕಲಿಯುತ್ತಾನೆ. ಒಬ್ಬನೇ ಬಿಡುವುದೂ ಹಾಗೆಯೇ ಕಷ್ಟ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಷೇಧವಾಯಿತು. ಸಾರಾಯಿ ಅಂಗಡಿಗಳು ಮುಚ್ಚಿದುವು. ಬೇರೆ ಮದ್ಯ ದೊರೆಯುತ್ತಿದ್ದುದರಿಂದ ಕುಡಿತ ಉಳಿಯಿತು. 2019ರ ಜನವರಿಯಲ್ಲಿ ಮದ್ಯ ನಿಷೇಧವನ್ನು ಕೋರಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರು. ಕುಡಿತವು ಆಯಾ ಮನೆಯ ಗುಟ್ಟು ಮಾತ್ರವಲ್ಲ, ಊರಿನ ವಿಷಯವೆಂಬುದನ್ನು ಆ ನಡಿಗೆ ಎತ್ತಿ ತೋರಿಸಿತು.

ಊರೇ ಚಿಕಿತ್ಸೆಯ ಸ್ಥಳವಾದ ಉದಾಹರಣೆಗಳೂ ಇವೆ. ಚೆನ್ನೈಯ ಟಿ. ಟಿ. ರಂಗನಾಥನ್ ಪ್ರತಿಷ್ಠಾನವು 1989ರಲ್ಲಿ ತಮಿಳುನಾಡಿನ ಮಂಜಕ್ಕುಡಿ ಗ್ರಾಮದಲ್ಲಿ ಶಿಬಿರವನ್ನು ಆರಂಭಿಸಿ, ರೋಗಿಯನ್ನು ನಗರಕ್ಕೆ ಒಯ್ಯುವ ಬದಲು ಚಿಕಿತ್ಸೆಯನ್ನೇ ಹಳ್ಳಿಗೆ ತಂದಿತು. ನಮ್ಮ ನಾಡಿನಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಬೆಂಬಲದಿಂದ ಜನಜಾಗೃತಿ ವೇದಿಕೆಯು ಮದ್ಯವರ್ಜನ ಶಿಬಿರಗಳನ್ನು ಊರೂರುಗಳಲ್ಲಿ ನಡೆಸುತ್ತದೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಶಿಬಿರದ ದಿನಗಳಿಗಿಂತ ಶಿಬಿರದ ನಂತರದ ದಿನಗಳು ದೀರ್ಘವಾದುದರಿಂದ ಇಂತಹ ಕೂಟಗಳ ಮಹತ್ವ ಹೆಚ್ಚು.

ಕೂಟವಿಲ್ಲದ ಊರಿನಲ್ಲಿಯೂ ಸಾಕ್ಷಿಗಳನ್ನು ಆರಿಸಿಕೊಳ್ಳಬಹುದು. ಕುಡಿತ ಬಿಟ್ಟವನು ತಾನು ಗೌರವಿಸುವ ಇಬ್ಬರನ್ನು, ಒಬ್ಬ ನೆರೆಯವರನ್ನು ಮತ್ತು ಕುಡಿತ ಬಿಟ್ಟು ವರ್ಷಗಳಾದ ಒಬ್ಬರನ್ನು, ಕೇಳಿಕೊಳ್ಳಲಿ. ವಾರಕ್ಕೊಮ್ಮೆ ಅವರಿಗೆ ಮೂರು ಪ್ರಶ್ನೆಗಳ ಉತ್ತರ ಹೇಳಲಿ: ಈ ವಾರ ಕುಡಿದೆನೆ? ಯಾವ ದಿನ ಬಯಕೆ ಹೆಚ್ಚಾಗಿತ್ತು? ತುಂಬಿಕೊಡಬೇಕಾದ ಪಟ್ಟಿಯಲ್ಲಿ ಯಾವುದನ್ನು ಮಾಡಿದೆ? ಕೇಳಿದುದನ್ನು ಕಟ್ಟೆಯ ಮೇಲೆ ಕುಳಿತು ಹರಟುವವರು ಸಾಕ್ಷಿಯಾಗಲು ತಕ್ಕವರಲ್ಲ.

ಸಾಕ್ಷಿಯಾಗುವುದು ಬೇರೆ, ಅವಮಾನಿಸುವುದು ಬೇರೆ. ಕುಡಿದವನನ್ನು ಕಂಬಕ್ಕೆ ಕಟ್ಟುವುದು, ಬಹಿಷ್ಕಾರ ಹಾಕುವುದು, ಮಕ್ಕಳ ಮುಂದೆ ಹೀಯಾಳಿಸುವುದು ತಪ್ಪು. ಇವುಗಳಿಂದ ಅವನು ಕುಡಿತ ಬಿಡುವುದಿಲ್ಲ. ಕದ್ದು ಕುಡಿಯುವುದನ್ನು ಕಲಿಯುತ್ತಾನೆ.

ಊರೂ ತನ್ನ ಲೆಕ್ಕ ಕೊಡಬೇಕು. ಆಳುಗಳಿಗೆ ಕೂಲಿಯ ಜೊತೆ ಮದ್ಯ ಕೊಡುವ ಪದ್ಧತಿ ನಿಲ್ಲಲಿ. ಮದುವೆ, ಜಾತ್ರೆ, ತಿಥಿ, ಚುನಾವಣೆ ಯಾವುದರಲ್ಲಿಯೂ ಬಿಟ್ಟವನಿಗೆ "ಇವತ್ತೊಂದು ದಿನ" ಎಂದು ಒತ್ತಾಯಿಸಬೇಡಿರಿ. ಕಿರಾಣಿ ಅಂಗಡಿಯಲ್ಲಿ ಅಕ್ರಮವಾಗಿ ಮದ್ಯ ಮಾರುತ್ತಿದ್ದರೆ ಸ್ತ್ರೀಶಕ್ತಿ ಗುಂಪಿನವರು ಒಟ್ಟಾಗಿ ಗ್ರಾಮಸಭೆಯಲ್ಲಿ ವಿಷಯವೆತ್ತಿ, ಅಬಕಾರಿ ಇಲಾಖೆಗೆ ಲಿಖಿತ ದೂರು ಕೊಡಬಹುದು.

6. ಎಡವಿದರೆ ಏನು ಮಾಡಬೇಕು?

ಬಿಟ್ಟವರಲ್ಲಿ ಅನೇಕರು ಒಮ್ಮೆಯಾದರೂ ಎಡವುತ್ತಾರೆ. ಒಂದು ದಿನ ಕುಡಿದುದರಿಂದ ಆರು ತಿಂಗಳ ಗುರುತುಗಳು ಅಳಿಸಿಹೋಗುವುದಿಲ್ಲ. ಆದರೆ ಬಚ್ಚಿಟ್ಟ ಒಂದು ದಿನವು ಬೇಗನೆ ಹತ್ತು ದಿನವಾಗುತ್ತದೆ. ಆದುದರಿಂದ ಬಿಡುವ ದಿನವೇ ಒಂದು ಕಾಗದದ ಮೇಲೆ ಬರೆದಿಡಿರಿ: ಎಡವಿದರೆ ಮರುದಿನ ಸೂರ್ಯ ಮುಳುಗುವುದರೊಳಗೆ ಹೆಂಡತಿಗೂ ಸಾಕ್ಷಿಗಳಿಗೂ ಹೇಳುತ್ತೇನೆ, ಅದೇ ವಾರ ಆರೋಗ್ಯ ಕೇಂದ್ರಕ್ಕೆ ಹೋಗುತ್ತೇನೆ, ಹಣವನ್ನು ಆ ವಾರ ಹೆಂಡತಿಯ ಕೈಯಲ್ಲಿಡುತ್ತೇನೆ. ಹೇಳಿಕೊಂಡವನನ್ನು ಮನೆಯವರು ಬೈದು ಅಟ್ಟಿದರೆ ಮುಂದಿನ ಬಾರಿ ಅವನು ಹೇಳಲಾರ. ಹೊಡೆತವನ್ನು ಮಾತ್ರ ಎಡವಿದ ಲೆಕ್ಕಕ್ಕೆ ಸೇರಿಸಬಾರದು. ಅದಕ್ಕೆ ಮೇಲೆ ಹೇಳಿದ ಕಾನೂನಿನ ದಾರಿಯೇ ಸರಿ.

ಕುಡಿತ ಬಿಟ್ಟ ಮನೆಯಲ್ಲಿ ಮೊದಲು ಕಾಣುವ ಬದಲಾವಣೆಗಳು ಚಿಕ್ಕವು. ಸಂಜೆಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂಡುತ್ತಾರೆ, ಕಿರಾಣಿ ಅಂಗಡಿಯವರು ಕರೆದು ಸಾಮಾನು ಕೊಡುತ್ತಾರೆ, ಮಗು ಅಪ್ಪನ ಬಳಿ ತಾನಾಗಿ ಬಂದು ಕೂರುತ್ತದೆ. ಈ ಚಿಕ್ಕ ಲಾಭಗಳನ್ನು ಗಮನಿಸಿ, ಅವುಗಳ ಬೆಲೆಯನ್ನು ಅರಿತು, ದಂಪತಿಗಳು ದಿನಕ್ಕೊಂದು ಗುರುತಿನಂತೆ ಮುಂದುವರಿಯಬೇಕು.

ದಂಪತಿಗಳು ಕೂಡಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಕುಡಿಯುವ ಬಯಕೆ ಹೆಚ್ಚಾಗುವ ಹೊತ್ತು ಯಾವುದು? ಆ ಹೊತ್ತಿಗೆ ಯಾವ ಕೆಲಸವನ್ನು ಗೊತ್ತುಮಾಡೋಣ?

2. ಕುಡಿತದಿಂದ ಯಾರು ಯಾರಿಗೆ ಯಾವ ಹಾನಿಯಾಗಿದೆ? ಅವುಗಳಲ್ಲಿ ಈ ತಿಂಗಳು ತುಂಬಿಕೊಡಬಹುದಾದುದು ಯಾವುದು?

3. ಹೆಂಡತಿಗೆ ಇಂದಿಗೂ ಭಯ ತರುವ ಸಂಗತಿ ಯಾವುದು? ಅದನ್ನು ನಿವಾರಿಸಲು ಗಂಡ ಯಾವ ಕಾರ್ಯ ಮಾಡಬೇಕು?

4. ನಮ್ಮ ಊರಿನಲ್ಲಿ ಸಾಕ್ಷಿಯಾಗಲು ತಕ್ಕ ಇಬ್ಬರು ಯಾರು? ಅವರನ್ನು ಯಾವಾಗ ಕಾಣೋಣ?

5. ಎಡವಿದರೆ ಏನು ಮಾಡಬೇಕೆಂಬ ಕಾಗದವನ್ನು ಬರೆದಿಟ್ಟಿದ್ದೇವೆಯೆ? ಅದು ಮನೆಯಲ್ಲಿ ಎಲ್ಲಿದೆ?